ಅಕ್ಕನ ಮನೆಗೆ ಹಾಕಿದ ಮೊದಲ ಫ್ಯಾನು

ಗುಳುಕ್.

ಸ್ವಿಚ್ಚು ಒತ್ತಿದ ಮರುಗಳಿಗೆ ಅಕ್ಕನ ಮನೆಯ ಬಚ್ಚಲಿನ ಫ್ಯಾನು ಮಾಡಿದ ಸದ್ದು ಅದು. ಮೊದಲು ಒಂದು ಗುಟುಕು ನುಂಗಿದ ಹಾಗೆ, ಆಮೇಲೆ ಗುಂಯ್ ಎಂದು ತಿರುಗಿ, ಮತ್ತೆ ನಡುನಡುವೆ ಗುಳುಗುಳು. ನಿದ್ದೆಗಣ್ಣಿನ ಮಗು ಹಾಲನ್ನು ಬಾಯಲ್ಲಿಟ್ಟುಕೊಂಡೇ ಉಸಿರಾಡುವಂತೆ.

ಏಣಿಯ ಮೂರನೇ ಮೆಟ್ಟಿಲ ಮೇಲೆ ನಿಂತಿದ್ದ ಗಾಳಿಮಾಮ ಹಾಗೇ ಕಣ್ಣು ಮುಚ್ಚಿದ. ಗಾಳಿಯೊಂದೇ ಓಡಾಡಬೇಕಾದ ಪೈಪಿನ ಗಂಟಲಲ್ಲಿ ನೀರು ನಿಂತಿದೆ ಎಂದು ಕಿವಿ ಹೇಳಿತು. ಕಿವಿ ಹೇಳಿದ್ದನ್ನು ಮನಸ್ಸು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಆ ಪೈಪು ಹಾಕಿದವನು ಅವನೇ.

ಬಚ್ಚಲಿಗೆ ಫ್ಯಾನು ಕೂರಿಸಿ, ಒಳಗಿನ ಹಬೆಯನ್ನು ಪೈಪಿನಲ್ಲಿ ಹೊರಗೆ ದಾಟಿಸುವುದು ಅವನ ಕಸುಬು. ಯಾರ ಮನೆಗೆ ಹೋದರೂ ಹೊಸಿಲಲ್ಲಿ ಒಂದು ಕ್ಷಣ ನಿಂತು ಮೂಗೆತ್ತಿ ಉಸಿರೆಳೆದುಕೊಳ್ಳುವ ಅಭ್ಯಾಸ. ಗೋಡೆ ಎಲ್ಲಿ ಬೆವರುತ್ತಿದೆ, ಯಾವ ಕಪಾಟಿನ ಹಿಂದೆ ಬೂಷ್ಟು ಕೂತಿದೆ, ಯಾವ ಕಿಟಕಿಯನ್ನು ತಿಂಗಳಿಂದ ತೆರೆದಿಲ್ಲ ಎನ್ನುವುದನ್ನು ಕುರ್ಚಿ ಕೊಡುವ ಮೊದಲೇ ಹೇಳಿಬಿಡುತ್ತಿದ್ದ. ಗಾಳಿಮಾಮ ಎಂದು ಹೆಸರಿಟ್ಟವರು ಬೀದಿಯ ಮಕ್ಕಳು. ಈಗ ಮಕ್ಕಳ ಅಜ್ಜಂದಿರೂ ಹಾಗೆಯೇ ಕರೆಯುತ್ತಿದ್ದರು. "ಬೇರೆಯವರಿಗೆ ಗಾಳಿ ಮೆಟ್ಕೊಳ್ಳತ್ತೆ. ನಮ್ಮನೆಯವರು ಗಾಳಿಗೇ ಮೆಟ್ಕೊಂಡಿದಾರೆ" ಎಂದು ಅವನ ಹೆಂಡತಿ ನೆಂಟರ ಮುಂದೆ ನಗುತ್ತಿದ್ದಳು.

"ಏನೋ, ಏಣಿ ಮೇಲೇ ನಿದ್ದೆನಾ?" ಬಾಗಿಲಲ್ಲಿ ಅಕ್ಕ. ಕೈಯಲ್ಲಿ ಚಹಾದ ಲೋಟ. "ಮೋಟಾರು ಸುಟ್ಟಿದ್ರೆ ಹೊಸದು ಹಾಕು. ಮೂರು ವರ್ಷದಿಂದ ಮೇಲಿಂದ ಸೋರಿ ಸೋರಿ ಅದೂ ಎಷ್ಟೂಂತ ತಡ್ಕೊಳತ್ತೆ? ನಾಳೆ ಸಾಮಾನು ಕಟ್ಕೊಂಡು ಹೊರಡ್ತಿದಾಳೆ ಮಹಾತಾಯಿ. ಹೋಗ್ತಾ ಹೋಗ್ತಾ ನನ್ನ ಫ್ಯಾನನ್ನೂ ತಿಂದ್ಕೊಂಡೇ ಹೋಗ್ತಿದಾಳೆ."

ಮಹಾತಾಯಿ ಎಂದರೆ ಮೇಲಿನ ಮನೆಯ ಹೊಲಿಗೆಯವಳು.

ಗಾಳಿಮಾಮ ತಲೆಯೆತ್ತಿ ನೋಡಿದ. ಫ್ಯಾನಿನ ಸುತ್ತ ಚಾವಣಿಯ ಹಲಗೆಯ ಮೇಲೆ ಕಂದು ಅಂಚಿನ ಒಂದು ಕಲೆ. ಚಳಿಗಾಲಕ್ಕೊಂದು ಸುತ್ತಿನಂತೆ ಮೂರು ಸುತ್ತು, ಒಂದರ ಹೊರಗೆ ಒಂದು. ಮರ ಕಡಿದಾಗ ಕಾಣುವ ವಯಸ್ಸಿನ ಗೆರೆಗಳ ಹಾಗೆ. ಫ್ಯಾನಿನ ಜಾಲರಿಯ ತುದಿಯಲ್ಲಿ ಹನಿಯೊಂದು ದಪ್ಪಗಾಗುತ್ತ, ಕಿಟಕಿಯ ಬೆಳಕನ್ನೆಲ್ಲ ತನ್ನೊಳಗೆ ತಲೆಕೆಳಗಾಗಿ ಹಿಡಿದುಕೊಂಡು, ಬೀಳಲೋ ಬೇಡವೋ ಎಂದು ತೂಗುತ್ತಿತ್ತು.

ಅಕ್ಕ ಮತ್ತು ಹೊಲಿಗೆಯವಳು ಒಂದು ಕಾಲಕ್ಕೆ ಉಗುರು ಬೆರಳಿನಂತೆ ಇದ್ದವರು. ಇಬ್ಬರ ಹಿಂದಿನ ಕಿಟಕಿಗಳೂ ಒಂದರ ಮೇಲೊಂದು. ಮೇಲಿನಿಂದ ಹಗ್ಗಕ್ಕೆ ಕಟ್ಟಿದ ಬುಟ್ಟಿ ಇಳಿಯುತ್ತಿತ್ತು. ಅದರಲ್ಲಿ ಗುಂಡಿ ಹಾಕಿದ ಅಂಗಿ, ಓದಿ ಮುಗಿಸಿದ ಪತ್ರಿಕೆ, ಜ್ವರದ ಮಾತ್ರೆ. ಕೆಳಗಿನಿಂದ ಬಿಸಿ ಬಿಸಿ ಏನಾದರೊಂದು ಮುಚ್ಚಿದ ಡಬ್ಬಿಯಲ್ಲಿ ಏರುತ್ತಿತ್ತು. ಮಧ್ಯಾಹ್ನ ಒಬ್ಬಳು ಕತ್ತರಿಸಿ ಇನ್ನೊಬ್ಬಳು ಹೊಲಿಯುವಳು. ಗಾಳಿಮಾಮನ ಹೆಗಲ ಮೇಲಿನ ಸಲಕರಣೆ ಚೀಲವೂ ಹೊಲಿಗೆಯವಳು ದಪ್ಪ ಕ್ಯಾನ್ವಾಸಿನಲ್ಲಿ ಹೊಲಿದುಕೊಟ್ಟದ್ದೇ. ಸುತ್ತಿಗೆಗೊಂದು ಜೇಬು, ಟೇಪಿಗೊಂದು, ಯಾವುದಕ್ಕೂ ಅಲ್ಲದ ಒಂದು. "ಅದು ಮರೆವಿಗೆ ಇರಲಿ ತಮ್ಮಾ. ನಿಮ್ಮಂಥ ಕನಸುಗಾರರಿಗೆ ಬೇಕಾಗತ್ತೆ" ಎಂದಿದ್ದಳು.

ಮೂರು ವರ್ಷದ ಹಿಂದೆ ಹೊಲಿಗೆಯವಳು ಮೇಲಿನ ಬಚ್ಚಲಿಗೆ ಹೊಸ ನೆಲ ಹಾಕಿಸಿದಳು. ಅದೇ ತಿಂಗಳು ಕೆಳಗೆ ಅಕ್ಕನ ಬಚ್ಚಲಲ್ಲಿ ಹನಿ ಬೀಳಲು ಶುರುವಾಯಿತು. ಕೂಡಿ ಕಳೆದು ನೋಡುವುದಕ್ಕೆ ಅದರಲ್ಲಿ ಏನಿತ್ತು? ಅಕ್ಕ ಹತ್ತಿ ಹೋಗಿ ಹೇಳಿದಳು. ಹೊಲಿಗೆಯವಳು ಪಾಪ, ನಲ್ಲಿ ಕೆಲಸದವನನ್ನು ಕರೆಸಿ, ವಾರದ ಹಿಂದೆಯಷ್ಟೇ ಕೂರಿಸಿದ್ದ ನೆಲವನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಒಡೆಸಿದಳು. ಒಡೆದ ನೆಲದಡಿಯೆಲ್ಲ ಒಣ ಮರಳು. "ಆ ನಲ್ಲಿಯವನು ಅವಳ ಕಡೆಯವನು" ಎಂದಳು ಅಕ್ಕ. ಆ ಮಾತು ಮೆಟ್ಟಿಲು ಹತ್ತಿ ಮೇಲೆ ಹೋಯಿತು. ಮೇಲಿನಿಂದ ಇಳಿದು ಬಂದ ಮಾತು ಇನ್ನೂ ಹರಿತವಾಗಿತ್ತು: "ನಿನ್ನ ಕಣ್ಣಲ್ಲೇ ನೀರಿಲ್ಲ, ನನ್ನ ನೆಲದಲ್ಲಿ ಎಲ್ಲಿಂದ ಬರಬೇಕು?"

ಅವತ್ತಿಗೆ ಮುಗಿಯಿತು. ಬುಟ್ಟಿ ಇಳಿಯಲಿಲ್ಲ, ಡಬ್ಬಿ ಏರಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಇಬ್ಬರೂ ಗೋಡೆಯ ಬಣ್ಣ ನೋಡಿಕೊಂಡು ದಾಟುತ್ತಿದ್ದರು.

ಆದರೆ ಆ ಜಗಳಕ್ಕೆ ಮೊಳೆ ಹೊಡೆದವನು ಗಾಳಿಮಾಮ. ಏಣಿಯ ಮೇಲೆ ನಿಂತಿದ್ದಾಗ ಅದು ಅವನಿಗೆ ನೆನಪಾಯಿತು. ಬೇಡವೆಂದರೂ ಕಣ್ಣೆದುರು ಬಂತು. ಜಗಳದ ವಾರ ಇದೇ ಬಾಗಿಲಲ್ಲಿ, ಹೀಗೆಯೇ ಚಹಾದ ಲೋಟ ಹಿಡಿದು ನಿಂತಿದ್ದ. ಏಣಿ ಹಾಕಿರಲಿಲ್ಲ. ಚಾವಣಿ ಬಿಚ್ಚಿರಲಿಲ್ಲ. ಕಲೆಯತ್ತ ಒಮ್ಮೆ ನೋಡಿ, ಚಹಾ ಹೀರಿ, "ಮೇಲಿಂದಲೇ ಇರಬೇಕು" ಎಂದಿದ್ದ. ಎರಡೇ ಮಾತು. "ನನ್ನ ತಮ್ಮನೇ ನೋಡಿ ಹೇಳಿದಾನೆ. ಅವನಿಗಿಂತ ಬೇಕಾ ಇವರ ನಲ್ಲಿಯವನು?" ಎಂದು ಅಕ್ಕ ಅದನ್ನು ಬೀದಿಗೆಲ್ಲ ಹಂಚಿದ್ದಳು.

ಅವನು ಫ್ಯಾನು ನಿಲ್ಲಿಸಿದ. ಏಣಿಯನ್ನು ಪಕ್ಕದ ಉಗ್ರಾಣದ ಕೋಣೆಗೆ ಸಾಗಿಸಿದ. ಫ್ಯಾನಿನ ಪೈಪು ಬಚ್ಚಲಿನ ಗೋಡೆ ದಾಟಿ ಉಗ್ರಾಣದ ಅಟ್ಟದ ಮೇಲೆ ಎರಡು ಮಾರು ಹಾದು, ಹೊರಗೋಡೆಯಲ್ಲಿ ಬಾಯಿ ತೆರೆಯುತ್ತಿತ್ತು. ಬಿಸಿಲು ಮುಖ ತೋರಿಸದ ಕೋಣೆ ಅದು. ಚಳಿಗಾಲದಲ್ಲಿ ಅಲ್ಲಿಟ್ಟ ಎಣ್ಣೆ ಗಟ್ಟಿಯಾಗುತ್ತಿತ್ತು.

ಹಳೆಯ ಟ್ರಂಕುಗಳನ್ನು ಸರಿಸಿ ಅವನು ಅಟ್ಟದ ಮೇಲೆ ಮೈಚಾಚಿದ. ಕಣ್ಣೆದುರಿಗೇ ಪೈಪು: ಅಲ್ಯುಮಿನಿಯಂ ಹಾಳೆಯ ಸುರುಳಿ ಪೈಪು, ಮೈಮೇಲೆ ಯಾವ ಹೊದಿಕೆಯೂ ಇಲ್ಲದೆ, ನಡುವೆ ಸೊಂಟ ಜೋತು. ಕೆನ್ನೆ ತಾಗಿಸಿದ. ಮಂಜುಗಡ್ಡೆಯಂತೆ ಕೊರೆಯಿತು. ಮತ್ತೆ ಬೆರಳಿನಿಂದ ಅದರ ಓಟ ಅಳೆದ. ಫ್ಯಾನಿನಿಂದ ಹೊರಗೋಡೆಯ ಕಡೆಗೆ ಪೈಪು ಏರುತ್ತ ಹೋಗಿತ್ತು. ಚೆಂದವಾಗಿ, ಶ್ರದ್ಧೆಯಿಂದ, ಮೊಳಕ್ಕೊಂದು ಬೆರಳಿನಷ್ಟು ಏರು.

ಅಪ್ಪನ ಏರು ಅದು.

ಅಪ್ಪ ಹೊಗೆಕೊಳವೆ ಹಾಕುತ್ತಿದ್ದವನು. ಬ್ರೆಡ್ಡಿನ ಭಟ್ಟಿಗಳಿಗೆ, ಬಟ್ಟೆ ಒಗೆಯುವವರ ಹಂಡೆ ಒಲೆಗಳಿಗೆ. ಬೆಳಗಿನ ಜಾವದ ಮಸುಕಲ್ಲಿ ಮಾಡುಗಳ ಮೇಲೆ ಕಪ್ಪು ಕೊಳವೆಗಳ ಸಾಲು, ಒಂದೊಂದರ ತುದಿಯಲ್ಲೂ ಬೂದು ಬಣ್ಣದ ಗರಿ. ಅಪ್ಪ ಬೀದಿಯಲ್ಲಿ ನಿಂತು ಬೆರಳು ತೋರಿಸಿ ಎಣಿಸುತ್ತಿದ್ದ: ಅದು ನಂದು, ಅದು ನಂದು, ಅದು ನಮ್ಮಪ್ಪಂದು. "ಹೊಗೆಗೆ ಏಣಿ ಹಾಕ್ಬೇಕು ಮಗಾ. ಹತ್ಕೊಂಡು ಹೋಗತ್ತೆ. ಇಳಿಜಾರು ಕೊಟ್ಯೋ, ಮನೆಯೊಳಗೇ ಕೂತು ಕಣ್ಣು ಕುಕ್ಕತ್ತೆ." ಹುಡುಗನ ಕನಸುಗಳಲ್ಲಿ ಹೊಗೆ ನಿಜವಾಗಿಯೂ ಏಣಿ ಹತ್ತುತ್ತಿತ್ತು, ಸಣ್ಣ ಸಣ್ಣ ಬೂದಿ ಬಣ್ಣದ ಕಾಲುಗಳಿಂದ.

ಭಟ್ಟಿಗಳೆಲ್ಲ ಕರೆಂಟಿನವಾದ ಮೇಲೆ ಕೊಳವೆಯ ಕೆಲಸ ನಿಂತಿತು. ಗಾಳಿಮಾಮ ಫ್ಯಾನಿಗೆ ಬಂದ. ಹದಿನಾಲ್ಕು ವರ್ಷದ ಹಿಂದೆ, ಮೊಟ್ಟಮೊದಲ ಫ್ಯಾನು ಅಕ್ಕನ ಮನೆಗೆ. ಕೂಲಿ ಬೇಡವೆಂದ. ಪೈಪಿಗೆ ಅಪ್ಪ ಹೇಳಿಕೊಟ್ಟ ಏರು ಕೊಟ್ಟು, ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿ, ಅಪ್ಪ ಇದ್ದಿದ್ದರೆ ಬೆರಳು ತೋರಿಸುತ್ತಿದ್ದ ಎಂದುಕೊಂಡಿದ್ದ. ವರ್ಷ ತುಂಬುವುದರೊಳಗೆ ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಮುದಿ ಮೆಕ್ಯಾನಿಕ್ಕು ಅವನ ಏರುಪೈಪು ನೋಡಿ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕ. "ಹೊಗೆಗೆ ಹಾಕೋ ಏಣೀನ ಹಬೆಗೆ ಹಾಕಿದೀಯಲ್ಲೋ! ಹೊಗೆ ಹೋದ್ರೆ ಹೋಯ್ತು, ತಿರುಗಿ ನೋಡಲ್ಲ. ಹಬೆ ತವರು ಬಿಡದ ಮಗಳಿದ್ದ ಹಾಗೆ. ಚೂರು ಚಳಿ ತಾಗಿದ್ರೆ ಸಾಕು, ನೀರಾಗಿ ಅದೇ ದಾರೀಲಿ ವಾಪಸು."

ಆವತ್ತಿನಿಂದ ಅವನ ಪೈಪುಗಳು ಹೊರಗಡೆಗೆ ಇಳಿಜಾರಾದವು. ಚಳಿ ತಾಗದ ಹಾಗೆ ಫೋಮಿನ ಹೊದಿಕೆ ಹೊದ್ದವು. ಮೊದಲ ವರ್ಷ ಹಾಕಿದ ನಾಲ್ಕೈದು ಮನೆಗಳಿಗೆ ಕರೆಯದೆಯೇ ಹೋಗಿ ತಿದ್ದಿಬಂದ. ಉಳಿದದ್ದು ಒಂದೇ. ಅಕ್ಕನ ಮನೆ ತಾನೇ, ಯಾವತ್ತಾದರೂ ಮಾಡಿದರಾಯಿತು. ಅಲ್ಲಿ ತೊಟ್ಟು ನೀರೂ ಬೀಳುತ್ತಿರಲಿಲ್ಲವಲ್ಲ. ಬೀಳದಿದ್ದುದಕ್ಕೆ ಕಾರಣ ಭಾವ. ಅವನು ಬಸ್ಸಿನ ಡ್ರೈವರು. ಮೊದಲ ಬಸ್ಸು ಹಿಡಿಯುವ ಅವಸರಕ್ಕೆ ಎರಡು ತಂಬಿಗೆ ತಣ್ಣೀರು ಸುರಿದುಕೊಂಡು ಓಡುತ್ತಿದ್ದ. ಮೂರು ವರ್ಷದ ಹಿಂದೆ ನಿವೃತ್ತನಾದ. ಮೂವತ್ತೈದು ವರ್ಷದ ಸ್ನಾನವನ್ನೆಲ್ಲ ಈಗ ಒಟ್ಟಿಗೆ ಮಾಡುತ್ತಿದ್ದ. ದಿನಕ್ಕೊಂದು ಗಂಟೆ, ಕುದಿಕುದಿ ನೀರು, ಜೊತೆಗೆ ರಾಗ. ಬಾಗಿಲು ತೆಗೆದರೆ ಮೋಡದೊಳಗಿಂದ ದೇವರು ಪ್ರತ್ಯಕ್ಷವಾದ ಹಾಗೆ ಬರುತ್ತಿದ್ದ.

ಎಲ್ಲವೂ ಒಂದರ ಹಿಂದೊಂದು ಬಂದು ಅಟ್ಟದ ಮೇಲೆ ಅವನ ಪಕ್ಕ ಮಲಗಿದವು.

ಮೇಲಿನಿಂದ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಹೊರಡುವ ಹಿಂದಿನ ದಿನವೂ ಯಾರದೋ ಬಟ್ಟೆ ಮುಗಿಸುತ್ತಿರಬೇಕು. ಟಕಟಕಟಕ ಎಂದು ಉದ್ದಕ್ಕೆ ಓಡಿ, ಮೂಲೆಯಲ್ಲಿ ನಿಂತು, ತಿರುಗಿ, ಮತ್ತೆ ಓಡುವುದು. ಕೆಳಗಿನಿಂದ ಅಕ್ಕ ಪಾತ್ರೆ ಜೋಡಿಸುವ ಸದ್ದು. ಎರಡರ ನಡುವಿನ ಕತ್ತಲ ಗೂಡಿನಲ್ಲಿ ಅಂಗಾತ ಮಲಗಿದವನಿಗೆ ತಾನು ಯಾವ ಮನೆಯವನು ಎಂದೇ ಕ್ಷಣಕಾಲ ತಿಳಿಯಲಿಲ್ಲ. ಯಂತ್ರ ನಿಂತಾಗಲೆಲ್ಲ ಪಾತ್ರೆ ನಿಲ್ಲುತ್ತಿತ್ತು. ಯಂತ್ರ ಹೊರಟರೆ ಪಾತ್ರೆಯೂ. ಕೆಳಗಿನ ಹೆಂಗಸಿಗೆ ತಾನು ಮೇಲಿನ ಸದ್ದಿಗೆ ಕಿವಿಗೊಟ್ಟಿದ್ದೇನೆ ಎನ್ನುವುದು ಗೊತ್ತಿರಲಿಕ್ಕಿಲ್ಲ. ಅವನ ರೆಪ್ಪೆಗಳು ಭಾರವಾದವು. ಅಡುಗೆಮನೆಯ ಹಬೆ, ಇಸ್ತ್ರಿಯ ಹಬೆ, ಭಾವನ ಹಾಡಿನ ಹಬೆ ಎಲ್ಲ ಒಂದಾಗಿ ಈ ಅಟ್ಟಕ್ಕೆ ಬಂದು, ದಾರಿ ಯಾವುದಯ್ಯಾ ಎಂದು ಅವನನ್ನೇ ಕೇಳುತ್ತಿದ್ದವು. ಅವನು ಬೆರಳು ತೋರಿಸಲು ಕೈಯೆತ್ತಿದ. ಪೈಪಿಗೆ ಬಡಿದು ಎಚ್ಚರವಾಯಿತು.

ಫ್ಯಾನಿನ ಕಡೆಯ ಪಟ್ಟಿ ಸಡಿಲಿಸಿ, ಜೋತ ಸೊಂಟವನ್ನು ಎತ್ತಿ ಬಕೆಟ್ಟಿಗೆ ಬಗ್ಗಿಸಿದ. ತುಕ್ಕು ಬಣ್ಣದ ನೀರು ಸುರಿಯಿತು. ಅರ್ಧ ಬಕೆಟ್ಟು. ಮೂರು ವರ್ಷದ ಮುನಿಸೆಲ್ಲ ಅರ್ಧ ಬಕೆಟ್ಟು.

ಕೆಲಸವೇನೋ ಮಧ್ಯಾಹ್ನದೊಳಗೆ ಮುಗಿಯುವಂಥದ್ದು. ಹಳೆಯ ತೂತಿಗೆ ಸಿಮೆಂಟು ಮೆತ್ತಿದ. ಗೇಣು ಕೆಳಗೆ ಹೊಸ ತೂತು ಕೊರೆದ. ಸುರುಳಿ ಪೈಪು ಕಿತ್ತೆಸೆದು ನುಣುಪಾದ ಗಟ್ಟಿ ಪೈಪು ಕೂರಿಸಿ, ಜೋಲದ ಹಾಗೆ ಮೊಳಕ್ಕೊಂದು ಪಟ್ಟಿ ಕಟ್ಟಿದ. ರಸಮಟ್ಟ ಇಟ್ಟು ನೋಡಿದ. ಗುಳ್ಳೆ ಫ್ಯಾನಿನ ಕಡೆಗೆ ಸರಿದು ನಿಂತಿತು, ಅಂದರೆ ಹೊರಗಡೆಗೆ ಇಳಿಜಾರು. ಸಂದುಗಳಿಗೆ ಬೆಳ್ಳಿ ಬಣ್ಣದ ಟೇಪು. ಮೇಲೆ ಫೋಮಿನ ಹೊದಿಕೆ, ತಲೆಯಿಂದ ಕಾಲಿನವರೆಗೆ ಕೂಸಿಗೆ ಸುತ್ತಿದಂತೆ. ಬಚ್ಚಲಿಗೆ ಹೊಸ ಫ್ಯಾನು. ಹೊರಗಿನ ಗಾಳಿ ಒಳನುಗ್ಗದ ಹಾಗೆ ಗೋಡೆಯ ಬಾಯಿಗೆ ರೆಕ್ಕೆಗಳ ಮುಚ್ಚಳ. ಬಾಗಿಲಿನ ಅಡಿಯಂಚನ್ನು ಬೆರಳಿನಷ್ಟು ಉಜ್ಜಿ ತೆಗೆದ. ಒಳಗೆ ಬರಲು ಸಂದಿಲ್ಲದಿದ್ದರೆ ಗಾಳಿ ಹೊರಗೆ ಹೋಗುವುದಾದರೂ ಎಲ್ಲಿಂದ?

ಕೈ ಅದರ ಪಾಡಿಗೆ ಕೆಲಸ ಮಾಡುತ್ತಿತ್ತು. ಮನಸ್ಸು ಬೇರೆ ದಾರಿ ಹಿಡಿದಿತ್ತು. ಸುಮ್ಮನಿದ್ದರೆ ಏನಾಗುತ್ತದೆ? ನಾಳೆ ಬೆಳಿಗ್ಗೆ ಲಾರಿ ಬರುತ್ತದೆ, ಹೊಲಿಗೆಯವಳು ಹೊರಡುತ್ತಾಳೆ. ನಾಳೆಯಿಂದಲೇ ಇಲ್ಲಿ ಹನಿ ನಿಲ್ಲುತ್ತದೆ. ನೋಡಿದಿರಾ, ಅವಳು ಹೋದಳು, ನೀರು ನಿಂತಿತು ಎನ್ನುತ್ತಾಳೆ ಅಕ್ಕ. ಬೀದಿ ತಲೆಯಾಡಿಸುತ್ತದೆ. ಆ ಹೆಂಗಸಿನ ಒಣ ಮರಳು, ಒಡೆದ ನೆಲ, ಮೂರು ವರ್ಷದ ಸತ್ಯ ಎಲ್ಲ ಶಾಶ್ವತವಾಗಿ ಸುಳ್ಳಾಗುತ್ತದೆ. ತನ್ನ ಕೆಲಸ ಎಷ್ಟು ಚೊಕ್ಕವಾದರೆ ಆ ಸುಳ್ಳು ಅಷ್ಟು ಗಟ್ಟಿ.

ಕಾಗದದ ಚೂರೊಂದನ್ನು ಜಾಲರಿಗೆ ಹಿಡಿದು ಸ್ವಿಚ್ಚು ಒತ್ತಿದ. ಸದ್ದೇ ಇಲ್ಲದೆ ಕಾಗದ ಅಂಟಿಕೊಂಡಿತು.

"ಆಯ್ತಾ?" ಎಂದಳು ಅಕ್ಕ, ಅಡುಗೆಮನೆಯಿಂದಲೇ. "ಕೈ ತೊಳ್ಕೊಂಡು ಬಾ. ತಟ್ಟೆ ಹಾಕಿದೀನಿ."

ಅವನು ಬಕೆಟ್ಟು ಹಿಡಿದುಕೊಂಡೇ ಅಡುಗೆಮನೆಗೆ ಹೋದ.

"ಥೂ, ಅದನ್ಯಾಕೆ ಇಲ್ಲಿಗೆ ತಂದೆ?"

"ಅಕ್ಕಾ, ನೀರು ಮೇಲಿಂದ ಬಂದಿದ್ದಲ್ಲ."

"ಮತ್ತೇನು, ಪಾತಾಳದಿಂದ ಬಂತಾ?"

"ಭಾವನ ಸ್ನಾನದಿಂದ."

ಅಕ್ಕ ನಕ್ಕಳು. ಹಜಾರದಲ್ಲಿ ಪತ್ರಿಕೆಯ ಹಿಂದಿದ್ದ ಭಾವ ಕೂಗಿದ: "ಏನಯ್ಯಾ, ಕೊನೆಗೆ ನನ್ನ ಸ್ನಾನದ ಮೇಲೂ ಕಣ್ಣು ಬಿತ್ತಾ ನಿಂದು?"

"ನಿಮ್ಮ ತಪ್ಪಲ್ಲ ಭಾವ. ಪೈಪು ತಪ್ಪು ಹಾಕಿದ್ದೆ ನಾನು. ಹಬೆ ಅಟ್ಟದ ಚಳಿಗೆ ನೀರಾಗಿ, ಹೊರಗೆ ಹೋಗೋ ಬದಲು ಒಳಗೇ ಇಳೀತಿತ್ತು. ಈ ನೀರು ಆ ಪೈಪಿಂದು."

ಅಕ್ಕನ ನಗು ನಿಧಾನವಾಗಿ ಇಳಿಯಿತು. ಬಕೆಟ್ಟಿನೊಳಗೆ ಬಗ್ಗಿ ನೋಡಿದಳು. ಅಲುಗುವ ನೀರಿನಲ್ಲಿ ಅವಳ ಮುಖ ತುಂಡಾಗಿ, ಕೂಡಿಕೊಂಡು, ಮತ್ತೆ ತುಂಡಾಯಿತು.

"ಹಂಗಾದ್ರೆ ಹನ್ನೊಂದು ವರ್ಷ ಯಾಕೆ ಸುಮ್ನಿತ್ತು?"

"ಹನ್ನೊಂದು ವರ್ಷ ಭಾವ ತಣ್ಣೀರಲ್ಲಿ ಮಿಂದ್ರು."

ಪತ್ರಿಕೆ ಮಡಚಿದ ಸದ್ದಾಯಿತು.

"ನೀನು ನನ್ನ ಮೇಲೆ ಕನಿಕರಕ್ಕೆ ಹೇಳ್ತಿದೀಯ" ಎಂದಳು ಅಕ್ಕ. "ಇಲ್ಲಾ ಅವಳ ಮೇಲೆ ಕನಿಕರಕ್ಕೆ. ಚಿಕ್ಕವನಿಂದಲೂ ಹಿಂಗೇ ನೀನು. ಯಾರದೋ ತಪ್ಪು ತಲೆಮೇಲೆ ಹಾಕ್ಕೊಂಡು ಏಟು ತಿನ್ನೋದು."

"ಆವತ್ತು ಏಣಿ ಹಾಕಿ ನೋಡಿದ್ರೆ ಆವತ್ತೇ ಗೊತ್ತಾಗ್ತಿತ್ತು. ನೋಡ್ಲಿಲ್ಲ. ಚಹಾ ಕುಡ್ಕೊಂಡು ಮೇಲಿಂದ ಅಂದ್ಬಿಟ್ಟೆ."

ಅಕ್ಕ ಅಡುಗೆಮನೆಯ ಬಾಗಿಲು ಓರೆ ಮಾಡಿದಳು. ದನಿ ತಗ್ಗಿಸಿದಳು. "ಸರಿ. ಆಗಿದ್ದಾಯ್ತು. ನನಗೆ ಹೇಳಿದ್ಯಲ್ಲ, ಇಲ್ಲಿಗೇ ಬಿಡು. ಈ ಬೀದೀಲಿ ಎಷ್ಟು ಮನೆಗೆ ಫ್ಯಾನು ಹಾಕಿದೀಯ? ಎಲ್ರೂ ತಂತಮ್ಮ ಚಾವಣಿ ನೋಡೋಕೆ ಶುರು ಮಾಡ್ತಾರೆ. ನನ್ನ ತಮ್ಮ, ನನ್ನ ತಮ್ಮ ಅಂತ ಹೇಳ್ಕೊಂಡು ತಿರುಗಿದ ಬಾಯಿ ಇದು. ಅವಳು ಹೆಂಗೂ ಹೋಗ್ತಾಳೆ."

"ಅವರು ನೆಲ ಒಡೆಸಿದ್ರು ಅಕ್ಕಾ."

ಮೇಲೆ ಹೊಲಿಗೆ ಯಂತ್ರ ಓಡುತ್ತಿತ್ತು. ಇಬ್ಬರೂ ಕೇಳಿಸಿಕೊಂಡರು. ಅದು ಮೂಲೆಗೆ ಬಂದು ನಿಂತಿತು. ಅಕ್ಕನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ಹೊಸ ನೆಲ" ಎಂದಳು ಅಕ್ಕ, ಯಾರಿಗೋ ಎನ್ನುವ ಹಾಗೆ. "ತಿಳಿ ನೀಲಿ. ನಾನೇ ಜೊತೆಗೆ ಹೋಗಿ ಆರಿಸಿದ್ದು." ಸೆರಗಿನಿಂದ ಮೂಗು ಒರೆಸಿಕೊಂಡಳು. "ಯಾವ ಮುಖ ಇಟ್ಕೊಂಡು ಹೋಗ್ಲಿ ಈಗ?"

"ನೀನು ಬರೋದು ಬೇಡ. ಸುಳ್ಳು ಹೇಳಿದ್ದು ನಾನು. ನನ್ನ ಮುಖ ಸಾಕು."

"ಬಾಗಿಲು ಹಾಕ್ಕೊಂಡ್ರೆ?"

"ಹಾಕ್ಕೊಳ್ಲಿ. ಹೊರಗೇ ನಿಂತು ಹೇಳ್ತೀನಿ."

"ಬೀದಿಗೆಲ್ಲ ಕೇಳಿಸತ್ತಲ್ಲೋ!"

"ನಾನು ಆವತ್ತು ಹೇಳಿದ್ದೂ ಬೀದಿಗೆಲ್ಲ ಕೇಳ್ಸಿತ್ತು."

ಅವನು ಬಕೆಟ್ಟನ್ನು ಮೋರಿಯ ಪಕ್ಕ ಇಟ್ಟ. ಅಂಗೈಯಲ್ಲಿ ಸಿಮೆಂಟು ಒಣಗಿ ಬಿರುಕುಬಿಟ್ಟಿತ್ತು, ಅಂಗಿಗೆ ಒರೆಸಿಕೊಂಡ. ಹಜಾರದಲ್ಲಿ ಭಾವ ಎದ್ದು ನಿಂತು, ಹೋಗು ಎಂದೋ ಬೇಡ ಎಂದೋ ತಿಳಿಯದಂತೆ ಕೈಯಾಡಿಸಿದ. ಹೊರಬಾಗಿಲು ತೆರೆದಿತ್ತು. ಮೆಟ್ಟಿಲ ಕಿಟಕಿಯಿಂದ ಇಳಿದ ಬಿಸಿಲಲ್ಲಿ ಹತ್ತಿಯ ನವಿರಾದ ಎಳೆಗಳು ತೇಲುತ್ತಿದ್ದವು. ಮೇಲಿನ ಮನೆಯಿಂದ ಹಾರಿ ಬಂದವು. ಗಾಳಿಮಾಮ ನಿಂತು ಅವನ್ನು ನೋಡಿದ. ಅವು ಇಳಿಯುತ್ತಲೂ ಇರಲಿಲ್ಲ, ಏರುತ್ತಲೂ ಇರಲಿಲ್ಲ. ಅವನು ಉಸಿರು ಬಿಟ್ಟಾಗ ಅಷ್ಟೇ ಒಂದಿಷ್ಟು ಸರಿದುಕೊಂಡವು.

"ಊಟ ಮಾಡಿ ಹೋಗೋ, ಅನ್ನ ಆರ್ತಿದೆ" ಎನ್ನುತ್ತ ಅಕ್ಕ ಹಿಂದೆಯೇ ಬಂದಳು. "ಏನಂತ ಶುರು ಮಾಡ್ತೀಯ? ನೀನು ಮಾತಾಡಿದ್ರೆ ಏರು, ಇಳಿಜಾರು ಅಂತ ಪೈಪಿನ ಪುರಾಣ ಹೇಳ್ತೀಯ, ಅವಳಿಗೆ ಒಂದೂ ತಿಳಿಯಲ್ಲ. ಮೊದ್ಲು ತಪ್ಪಾಯ್ತು ಅನ್ನು. ಕೇಳಿಸ್ತಾ? ಆಮೇಲೆ ಪೈಪು. ಆಮೇಲೆ, ಸ್ವಲ್ಪ ತಡಿಯೋ, ಆಮೇಲೆ ನಾನು ಆ ನಲ್ಲಿಯವನ ವಿಷಯ ಅಂದಿದ್ನಲ್ಲ, ಅದು ನಾನು..."

ಅವಳ ಮಾತು ಮುಗಿದಿರಲಿಲ್ಲ. ಗಾಳಿಮಾಮ ಆಗಲೇ ಮೆಟ್ಟಿಲ ತಿರುವು ದಾಟಿ ಮೇಲೆ ಹೋಗುತ್ತಿದ್ದ.